ಕಾರ್ನಿಶ್ ಕೋಳಿ: ಸಣ್ಣ ಹಿಡುವಳಿಯಲ್ಲಿ ಸಾಕಣೆ ಮತ್ತು ತಳಿವರ್ಧನೆ

ಕಾರ್ನಿಶ್ ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಪ್ರಾಂತ್ಯದಲ್ಲಿ 19ನೆಯ ಶತಮಾನದಲ್ಲಿ ರೂಪುಗೊಂಡ ಮಾಂಸದ ಕೋಳಿ ತಳಿ. ಬ್ರಿಟನ್ನಿನಲ್ಲಿ ಇದನ್ನು ಇಂದಿಗೂ ‘ಇಂಡಿಯನ್ ಗೇಮ್’ ಎಂದೇ ಕರೆಯುತ್ತಾರೆ. ‘ಕಾರ್ನಿಶ್’ ಅಮೆರಿಕದಲ್ಲಿ ನಿಂತ ಹೆಸರು. ಅಗಲವಾದ ಎದೆ, ಒಂದಕ್ಕೊಂದು ದೂರ ನಿಂತ ದಪ್ಪ ಕಾಲುಗಳು, ಮೈಗೆ ಅಂಟಿಕೊಂಡಂತಿರುವ ಬಿಗಿಯಾದ ಗರಿ ಇದರ ಗುರುತು. ಜಗತ್ತಿನ ಮಾಂಸದಂಗಡಿಗಳಿಗೆ ಬರುವ ಬ್ರಾಯ್ಲರ್ ಕೋಳಿಗೆ ತಂದೆಯ ಕಡೆಯಿಂದ ಬಂದ ರಕ್ತ ಬಹುಮಟ್ಟಿಗೆ ಈ ತಳಿಯದು. ಶುದ್ಧ ಕಾರ್ನಿಶ್ ಮಾತ್ರ ದೊಡ್ಡ ಉದ್ಯಮದ ಕೈಯಲ್ಲಿಲ್ಲ. ಬ್ರಿಟನ್, ಅಮೆರಿಕಗಳ ಸಣ್ಣ ಹಿಡುವಳಿದಾರರು ಮತ್ತು ಪ್ರದರ್ಶನಕ್ಕೆ ಕೋಳಿ ಸಾಕುವ ಹವ್ಯಾಸಿಗಳು ಅದನ್ನು ಉಳಿಸಿಕೊಂಡಿದ್ದಾರೆ. ಎದೆಯ ಮಾಂಸವೊಂದನ್ನೇ ನೋಡಿ ತಳಿ ಬೆಳೆಸಿದರೆ ಕಾಲು, ಫಲವಂತಿಕೆ, ಆಯುಷ್ಯ ಮೂರೂ ಕೈಬಿಡುತ್ತವೆ ಎಂಬುದನ್ನು ಈ ತಳಿಯಷ್ಟು ಸ್ಪಷ್ಟವಾಗಿ ತೋರಿಸಿಕೊಡುವ ಕೋಳಿ ಇನ್ನೊಂದಿಲ್ಲ.

ಮೂಲ ಮತ್ತು ಇತಿಹಾಸ

ತಳಿಯ ಹುಟ್ಟನ್ನು ಸಾಮಾನ್ಯವಾಗಿ ಸರ್ ವಾಲ್ಟರ್ ರ‍್ಯಾಲಿ ಗಿಲ್ಬರ್ಟ್ ಅವರ ಹೆಸರಿಗೆ ಸೇರಿಸುತ್ತಾರೆ. 1785ರಲ್ಲಿ ಕಾರ್ನ್‌ವಾಲಿನ ಬಾಡ್ಮಿನ್ ಊರಿನಲ್ಲಿ ಹುಟ್ಟಿದ ಗಿಲ್ಬರ್ಟ್ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೈನ್ಯದಲ್ಲಿ ಸೇನಾಧಿಕಾರಿಯಾಗಿದ್ದವರು. 1848-49ರ ಎರಡನೆಯ ಆಂಗ್ಲೋ-ಸಿಖ್ ಯುದ್ಧದಲ್ಲಿ ಪಾಲ್ಗೊಂಡು 1853ರಲ್ಲಿ ತೀರಿಕೊಂಡರು. ಭಾರತದ ಕೆಂಪು ಅಸೀಲ್ ಕೋಳಿಯನ್ನು ಇಂಗ್ಲೆಂಡಿನ ಕಪ್ಪೆದೆಯ ಕೆಂಪು ಕಾಳಗದ ಕೋಳಿಯೊಂದಿಗೆ ಅವರು 1820ರ ಸುಮಾರಿಗೆ ಕೂಡಿಸಿದರೆಂಬುದು ಪರಂಪರೆಯ ವಿವರಣೆ. ಮುಂದೆ ಮಲಯ ಕೋಳಿಯ ರಕ್ತವೂ ಸೇರಿತು ಎನ್ನುತ್ತಾರೆ. ತಳಿಯ ಮೈಕಟ್ಟನ್ನು ನೋಡಿದರೆ ಅಸೀಲಿನ ಪಾಲು ಎದ್ದು ಕಾಣುತ್ತದೆ: ಗಟ್ಟಿ ಮೂಳೆ, ಬಿಗಿ ಗರಿ, ದಪ್ಪ ಕುತ್ತಿಗೆ, ಸಣ್ಣ ಜುಟ್ಟು, ಹುಬ್ಬಿನಡಿಯಿಂದ ದಿಟ್ಟಿಸುವ ಕಣ್ಣು.

ಕಾಳಗಕ್ಕೆಂದು ಹುಟ್ಟಿಸಿದ ಈ ಕೋಳಿ ಅಖಾಡದಲ್ಲಿ ಹೆಸರು ಮಾಡಲಿಲ್ಲ. ಮೈ ಭಾರ, ನಡೆ ನಿಧಾನ; ಚುರುಕಾದ ಇಂಗ್ಲಿಷ್ ಹುಂಜದ ಮುಂದೆ ಅದು ನಿಲ್ಲುತ್ತಿರಲಿಲ್ಲ. 1835ರ ಕಾಯಿದೆಯಿಂದ ಇಂಗ್ಲೆಂಡಿನಲ್ಲಿ ಕೋಳಿಕಾಳಗಕ್ಕೇ ನಿಷೇಧ ಬಿತ್ತು. ಆದರೆ ಕಾರ್ನ್‌ವಾಲ್ ಮತ್ತು ನೆರೆಯ ಡೆವನ್ನಿನ ರೈತರಿಗೆ ಅದರ ಎದೆ ಮತ್ತು ತೊಡೆಯ ಮಾಂಸದ ಬೆಲೆ ಗೊತ್ತಾಗಿತ್ತು. 1858ರ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದ ಹೊತ್ತಿಗೆ ತಳಿ ಕಾರ್ನ್‌ವಾಲಿನ ಹೊರಗೂ ಪರಿಚಯವಾಯಿತು. 19ನೆಯ ಶತಮಾನದ ಕೊನೆಯಲ್ಲಿ ಇಂಡಿಯನ್ ಗೇಮ್ ಹುಂಜವನ್ನು ಡಾರ್ಕಿಂಗ್, ಸಸೆಕ್ಸ್ ಹೇಂಟೆಗಳ ಜೊತೆ ಬಿಟ್ಟು ಊಟದ ಕೋಳಿ ಪಡೆಯುವುದು ಇಂಗ್ಲೆಂಡಿನ ಹಳ್ಳಿಗಳಲ್ಲಿ ರೂಢಿಗೆ ಬಂತು. ತನ್ನದೇ ಮರಿಗಿಂತ ಹೆಚ್ಚಾಗಿ ಬೇರೆ ತಳಿಯ ಮರಿಗೆ ಮಾಂಸ ತುಂಬುವ ಹುಂಜವಾಗಿ ಇದು ಬೆಲೆ ಪಡೆಯಿತು.

ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ 1893ರಲ್ಲಿ ಕಡು ಬಣ್ಣದ ಬಗೆಯನ್ನು ತನ್ನ ಪ್ರಮಾಣಗ್ರಂಥಕ್ಕೆ ಸೇರಿಸಿಕೊಂಡಿತು. 1898ರಲ್ಲಿ ಬಿಳಿ, 1909ರಲ್ಲಿ ಬಿಳಿಯಂಚಿನ ಕೆಂಪು, 1938ರಲ್ಲಿ ತಿಳಿಗಂದು ಬಗೆಗಳು ಸೇರಿದವು. ಮಾಂಸದ ಕೋಳಿಗೆ ಕಾಳಗದ ಹೆಸರು ತಕ್ಕುದಲ್ಲವೆಂದು 1905ರಲ್ಲಿ ‘ಗೇಮ್’ ಎಂಬ ಭಾಗವನ್ನೂ, 1910ರಲ್ಲಿ ‘ಇಂಡಿಯನ್’ ಎಂಬ ಭಾಗವನ್ನೂ ಅಮೆರಿಕನ್ನರು ಕೈಬಿಟ್ಟು ‘ಕಾರ್ನಿಶ್’ ಎಂಬುದನ್ನಷ್ಟೇ ಉಳಿಸಿಕೊಂಡರು. ಪೌರ್ವಾತ್ಯ ವರ್ಗದಲ್ಲಿದ್ದ ತಳಿಯನ್ನು ಇಂಗ್ಲಿಷ್ ವರ್ಗಕ್ಕೆ ಸರಿಸಿದರು.

ಲಕ್ಷಣಗಳು

ಅಮೆರಿಕದ ಪ್ರಮಾಣದಂತೆ ಬೆಳೆದ ಹುಂಜದ ತೂಕ ಸುಮಾರು 4.75 ಕಿಲೊ, ಹೇಂಟೆಯದು 3.6 ಕಿಲೊ. ಬೇರೆ ತಳಿಗಳಲ್ಲಿ ಹುಂಜ, ಹೇಂಟೆಗಳ ಆಕಾರ ಬೇರೆಬೇರೆ. ಕಾರ್ನಿಶ್‌ನಲ್ಲಿ ಗಾತ್ರ ಬಿಟ್ಟರೆ ಎರಡರ ಮೈಕಟ್ಟೂ ಒಂದೇ. ಬೆನ್ನು ಭುಜದಲ್ಲಿ ಅಗಲವಾಗಿದ್ದು ಬಾಲದ ಕಡೆಗೆ ಕಿರಿದಾಗುತ್ತದೆ. ರೆಕ್ಕೆ ಗಿಡ್ಡ, ಮೈಗೆ ಒತ್ತಿಕೊಂಡಿರುತ್ತದೆ. ಬಾಲ ತಗ್ಗಿರುತ್ತದೆ. ಚರ್ಮ ಮತ್ತು ಕಾಲು ಹಳದಿ. ಜುಟ್ಟು ಮೂರು ಸಾಲಿನ ಕಾಳುಜುಟ್ಟು; ಗದ್ದದ ಜೋಲು ತೀರ ಸಣ್ಣದು. ಹಿಮ ಬೀಳುವ ಊರಿನಲ್ಲಿ ಉದ್ದ ಜುಟ್ಟಿನ ಕೋಳಿಗೆ ಚಳಿಗಾಲದಲ್ಲಿ ಬರುವ ಜುಟ್ಟು ಕೊಳೆಯುವ ತೊಂದರೆ ಇದಕ್ಕೆ ಕಡಿಮೆ. ಕಾಳುಜುಟ್ಟಿನ ಗುಣ ಪ್ರಬಲವಾದದ್ದು. ಹಾಗಾಗಿ ಶುದ್ಧ ಕಾರ್ನಿಶ್ ಹುಂಜಕ್ಕೂ ಒಂಟಿಜುಟ್ಟಿನ ಹೇಂಟೆಗೂ ಹುಟ್ಟಿದ ಮರಿಗಳೆಲ್ಲ ಕಾಳುಜುಟ್ಟನ್ನೇ ಹೊತ್ತಿರುತ್ತವೆ. ಹಿಂಡಿನಲ್ಲಿ ಬೇರೆ ಹುಂಜವೂ ಇದ್ದರೆ ಮರಿಯ ತಂದೆ ಯಾರೆಂದು ಇದರಿಂದ ತಿಳಿಯಬಹುದು.

ತಳಿಯ ಸೊಗಸು ಕಾಣಬೇಕಾದರೆ ಕಡು ಬಣ್ಣದ ಹೇಂಟೆಯ ಒಂದು ಗರಿಯನ್ನು ಹತ್ತಿರದಿಂದ ನೋಡಬೇಕು. ಗರಿಯ ನೆಲಬಣ್ಣ ಕೆಂಗಂದು. ಅಂಚಿನುದ್ದಕ್ಕೂ ಹಸಿರು ಹೊಳಪಿನ ಕಪ್ಪು ಗೆರೆ, ಅದರೊಳಗೆ ಕೆಂಗಂದಿನ ಪಟ್ಟಿ, ಅದರೊಳಗೆ ಅದೇ ಆಕಾರದಲ್ಲಿ ಇನ್ನೊಂದು ಕಪ್ಪು ಗೆರೆ. ಎದೆಯಿಂದ ಬೆನ್ನಿನವರೆಗೆ ಸಾವಿರಾರು ಗರಿಗಳಲ್ಲಿ ಈ ಜೋಡಿಯಂಚು ತಪ್ಪದೆ ಬರಬೇಕು. ಹುಂಜ ಬಹುಪಾಲು ಹಸಿರು ಹೊಳಪಿನ ಕಪ್ಪು. ಕುತ್ತಿಗೆ, ಬೆನ್ನು, ರೆಕ್ಕೆಗಳಲ್ಲಿ ಕೆಂಗಂದಿನ ಛಾಯೆ ಇರುತ್ತದೆ. ಬ್ರಿಟನ್ನಿನಲ್ಲಿ ಕಪ್ಪಿನ ಬದಲು ಬಿಳಿಯಂಚು ಇರುವ ಬಗೆಗೆ ‘ಜೂಬಿಲಿ’ ಎಂಬ ಹೆಸರಿದೆ. ಎಲ್ಲ ಬಣ್ಣಗಳಲ್ಲೂ ಬ್ಯಾಂಟಮ್ ಗಾತ್ರದ ಕುಳ್ಳ ಕಾರ್ನಿಶ್‌ಗಳಿವೆ. ಜಾಗ ಕಡಿಮೆ ಇರುವವರು ಅವನ್ನು ಸಾಕುತ್ತಾರೆ.

ಮೊಟ್ಟೆಗಾಗಿ ಸಾಕುವ ತಳಿ ಇದಲ್ಲ. ಮೊಟ್ಟೆ ತಿಳಿಗಂದು, ಗಾತ್ರ ನಡುತರ, ಸಂಖ್ಯೆ ಕಡಿಮೆ. ಹೇಂಟೆಗಳು ಕಾವಿಗೆ ಕೂರುತ್ತವೆ, ಮರಿಗಳನ್ನು ಕಟ್ಟೆಚ್ಚರದಿಂದ ಕಾಯುತ್ತವೆ. ಆದರೆ ಗರಿ ವಿರಳ ಮತ್ತು ಬಿಗಿ. ಹೊಟ್ಟೆಯಡಿ ಮೆತ್ತನೆಯ ತುಪ್ಪಳ ಇಲ್ಲದ್ದರಿಂದ ಹೆಚ್ಚು ಮೊಟ್ಟೆ ಮುಚ್ಚಲಾರವು, ಮಳೆಚಳಿಯಲ್ಲಿ ಮರಿಗಳಿಗೆ ಸಾಕಷ್ಟು ಬಿಸಿ ಕೊಡಲಾರವು.

ಶುದ್ಧ ತಳಿ ಮತ್ತು ‘ಕಾರ್ನಿಶ್ ಕ್ರಾಸ್’

ಅಮೆರಿಕದ ಹ್ಯಾಚರಿಗಳು ‘ಕಾರ್ನಿಶ್ ಕ್ರಾಸ್’ ಎಂದು ಮಾರುವ ಬಿಳಿ ಮರಿಯೂ ಶುದ್ಧ ಕಾರ್ನಿಶ್ ಮರಿಯೂ ಒಂದೇ ಎಂದು ಹೊಸಬರು ತಿಳಿಯುವುದುಂಟು. ಎರಡೂ ಬೇರೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಎ ಅಂಡ್ ಪಿ ಎಂಬ ಕಿರಾಣಿ ಅಂಗಡಿಗಳ ಸರಣಿಯ ಬೆಂಬಲದಿಂದ, ಕೃಷಿ ಇಲಾಖೆಯ ಸಹಕಾರದಿಂದ ‘ನಾಳೆಯ ಕೋಳಿ’ ಎಂಬ ಸ್ಪರ್ಧೆ ನಡೆಯಿತು. 1948ರಲ್ಲಿ ಡೆಲವೇರ್ ರಾಜ್ಯದ ಜಾರ್ಜ್‌ಟೌನ್‌ನಲ್ಲಿ ನಡೆದ ರಾಷ್ಟ್ರಮಟ್ಟದ ಸುತ್ತಿನಲ್ಲಿ ಕ್ಯಾಲಿಫೋರ್ನಿಯದ ಚಾರ್ಲ್ಸ್ ವ್ಯಾಂಟ್ರೆಸ್ ಗೆದ್ದರು. ಅವರ ಕೋಳಿ ಕಾರ್ನಿಶ್ ಮತ್ತು ನ್ಯೂ ಹ್ಯಾಂಪ್‌ಶೈರ್ ತಳಿಗಳ ಸಂಕರ. 1951ರ ಸ್ಪರ್ಧೆಯನ್ನೂ ಅವರೇ ಗೆದ್ದರು. ಅಲ್ಲಿಂದ ಮುಂದೆ ಅಗಲ ಎದೆಗೆ ತಂದೆಯ ಸಾಲಿನಲ್ಲಿ ಕಾರ್ನಿಶ್, ಮೊಟ್ಟೆಗೆ ಮತ್ತು ಬೆಳವಣಿಗೆಗೆ ತಾಯಿಯ ಸಾಲಿನಲ್ಲಿ ಬಿಳಿ ಪ್ಲಿಮತ್ ರಾಕ್ ಎಂಬ ಸೂತ್ರ ಉದ್ಯಮದಲ್ಲಿ ನೆಲೆಯಾಯಿತು. ಗರಿ ಕಿತ್ತ ಮೇಲೆ ಚರ್ಮದಲ್ಲಿ ಕಪ್ಪು ಮೊಳೆ ಉಳಿಯದಿರಲೆಂದು ಬಿಳಿ ಗರಿಯನ್ನು ಆರಿಸಿಕೊಂಡರು.

ಫಲ ಏನೆಂಬುದನ್ನು ಕೆನಡದ ಆಲ್ಬರ್ಟ ವಿಶ್ವವಿದ್ಯಾಲಯದ ಅಧ್ಯಯನವೊಂದು 2014ರಲ್ಲಿ ಲೆಕ್ಕದಲ್ಲಿ ತೋರಿಸಿತು. 1957, 1978 ಮತ್ತು 2005ರ ಕೋಳಿಗಳ ಸಾಲುಗಳಿಗೆ ಒಂದೇ ಆಹಾರ ಕೊಟ್ಟು 56 ದಿನ ಸಾಕಿದಾಗ ಅವು ಕ್ರಮವಾಗಿ 905, 1,808 ಮತ್ತು 4,202 ಗ್ರಾಂ ತೂಗಿದವು. ಆಹಾರ ಒಂದೇ ಆಗಿದ್ದರಿಂದ ಈ ವ್ಯತ್ಯಾಸವೆಲ್ಲ ತಳಿ ಆಯ್ಕೆಯದೇ ಕೆಲಸ. ಮಾಂಸ ಇಷ್ಟು ವೇಗವಾಗಿ ತುಂಬಿದಾಗ ಮೂಳೆ, ಹೃದಯ, ಶ್ವಾಸಕೋಶ ಅದಕ್ಕೆ ಸರಿಸಾಟಿಯಾಗಿ ಬೆಳೆಯುವುದಿಲ್ಲ. ಕಾಲು ಸೊಟ್ಟಗಾಗುವುದು, ಹೊಟ್ಟೆಯಲ್ಲಿ ನೀರು ತುಂಬುವುದು, ನಿಂತ ನಿಲುವಿನಲ್ಲಿ ಹೃದಯ ನಿಲ್ಲುವುದು ಕಾರ್ನಿಶ್ ಕ್ರಾಸ್‌ನಲ್ಲಿ ಸಾಮಾನ್ಯ. ಆರರಿಂದ ಎಂಟು ವಾರಕ್ಕೆ ಕೊಯ್ಯಬೇಕಾದ ಈ ಕೋಳಿಯನ್ನು ಮುಂದಕ್ಕೆ ಉಳಿಸಿ ಮರಿ ಮಾಡಿಸುವುದು ಕಷ್ಟ. ಉಳಿದರೂ ಹಲವು ಸಾಲುಗಳ ಸಂಕರವಾದ್ದರಿಂದ ಅದರ ಮರಿಗಳು ತಾಯಿತಂದೆಯಂತೆ ಬರುವುದಿಲ್ಲ. ಪ್ರತಿ ಸಲವೂ ಹ್ಯಾಚರಿಗೇ ಹೋಗಬೇಕು.

ಶುದ್ಧ ಕಾರ್ನಿಶ್ ಊಟಕ್ಕೆ ಬರಲು ಐದಾರು ತಿಂಗಳು ಬೇಕು. ತಿನ್ನುವ ಕಾಳಿಗೆ ಹೋಲಿಸಿದರೆ ಮಾಂಸ ದುಬಾರಿ. ಆದರೆ ಅದು ಬದುಕುತ್ತದೆ, ಮೇಯುತ್ತದೆ, ತನ್ನಂಥ ಮರಿಯನ್ನೇ ಕೊಡುತ್ತದೆ. ತನ್ನ ಹಿತ್ತಲಲ್ಲೇ ಮಾಂಸದ ಕೋಳಿಯ ಸಂತತಿ ನಡೆಸಬೇಕೆನ್ನುವವರಿಗೆ ಬೇಕಾದದ್ದು ಇದೇ.

ಅಮೆರಿಕದ ಅಂಗಡಿಗಳಲ್ಲಿ ಸಿಗುವ ‘ಕಾರ್ನಿಶ್ ಗೇಮ್ ಹೆನ್’ ಬೇರೊಂದು ತಳಿಯಲ್ಲ, ಹೇಂಟೆಯೇ ಆಗಿರಬೇಕೆಂದೂ ಇಲ್ಲ. ಎಳೆಯ ವಯಸ್ಸಿನಲ್ಲೇ ಕೊಯ್ದ ಸಣ್ಣ ಬ್ರಾಯ್ಲರಿಗೆ ಆ ಹೆಸರು. 1950ರ ದಶಕದಲ್ಲಿ ಕನೆಕ್ಟಿಕಟ್ ರಾಜ್ಯದ ಮಕೋವ್‌ಸ್ಕಿ ದಂಪತಿ ಅದನ್ನು ಮಾರುಕಟ್ಟೆಗೆ ತಂದರು.

ವಸತಿ

ಭಾರದ ಕೋಳಿಗೆ ಎತ್ತರ ಬೇಡ, ನೆಲ ಬೇಕು. ಕೊಟ್ಟಿಗೆಯೊಳಗೆ ಬೆಳೆದ ಕೋಳಿಯೊಂದಕ್ಕೆ ಕನಿಷ್ಠ 4 ಚದರ ಅಡಿ, ಹೊರಗಿನ ಬೇಲಿಯೊಳಗೆ 10 ಚದರ ಅಡಿಗೆ ಕಡಿಮೆಯಿಲ್ಲದ ಜಾಗ ಕೊಡಬೇಕು, ಹೆಚ್ಚಿದ್ದಷ್ಟೂ ಒಳ್ಳೆಯದು. ಓಡಾಟವಿಲ್ಲದೆ ಕೂಡಿಟ್ಟ ಕಾರ್ನಿಶ್‌ನ ಕಾಲು ಬಿರುಸಾಗುತ್ತದೆ, ಕೊಬ್ಬು ತುಂಬುತ್ತದೆ, ಹುಂಜ ಹೇಂಟೆಯನ್ನು ಏರಲಾರದಂತಾಗುತ್ತದೆ. ನೀರಿನ ಪಾತ್ರೆಯನ್ನು ಒಂದು ಕಡೆ, ಮೇವಿನ ತೊಟ್ಟಿಯನ್ನು ಇನ್ನೊಂದು ತುದಿಯಲ್ಲಿ ಇಟ್ಟರೆ ಕೋಳಿಗಳು ದಿನವಿಡೀ ಅತ್ತಿತ್ತ ನಡೆದಾಡುತ್ತವೆ.

ಕೂರುವ ಗಳ ನೆಲದಿಂದ ಒಂದರಿಂದ ಒಂದೂವರೆ ಅಡಿಗಿಂತ ಮೇಲಿರಬಾರದು. ಎತ್ತರದಿಂದ ಧುಮುಕಿದರೆ ನಾಲ್ಕೈದು ಕಿಲೊ ಭಾರ ಅಂಗಾಲಿನ ಮೇಲೆ ಬಿದ್ದು ಬಾವು ಬರುತ್ತದೆ, ಎದೆಮೂಳೆಗೂ ಪೆಟ್ಟಾಗುತ್ತದೆ. ಗಳ ನಾಲ್ಕು ಬೆರಳಗಲ ಚಪ್ಪಟೆಯಾಗಿದ್ದು ಅಂಚು ನುಣುಪಾಗಿರಲಿ. ನೆಲಕ್ಕೆ ಭತ್ತದ ಹೊಟ್ಟು, ಮರದ ಹೊಟ್ಟು ಅಥವಾ ಕತ್ತರಿಸಿದ ಹುಲ್ಲನ್ನು ನಾಲ್ಕಾರು ಅಂಗುಲ ದಪ್ಪ ಹಾಸಿ, ವಾರಕ್ಕೆರಡು ಸಲ ತಿರುವಿ ಹಾಕಬೇಕು. ಹಿಡಿಯಲ್ಲಿ ಹಿಂಡಿದರೆ ಉಂಡೆ ಕಟ್ಟಿ ನಿಲ್ಲುವಷ್ಟು ಹಾಸು ಹಸಿಯಾದರೆ ಬದಲಾಯಿಸುವ ಹೊತ್ತಾಯಿತೆಂದು ಅರ್ಥ. ಮೊಟ್ಟೆಗೂಡು ನೆಲಮಟ್ಟದಲ್ಲೇ ಇರಲಿ.

ಕಾರ್ನ್‌ವಾಲಿನ ಹವೆ ಇಂಗ್ಲೆಂಡಿನ ಬೇರೆ ಭಾಗಗಳಿಗಿಂತ ಮೃದು. ತಳಿ ಆ ಹವೆಗೆ ಹೊಂದಿಕೊಂಡದ್ದು. ಗರಿ ವಿರಳವಾದ್ದರಿಂದ ನೆನೆದರೆ ಮೈ ಬೇಗ ತಣ್ಣಗಾಗುತ್ತದೆ. ಹಿಮ ಬೀಳುವ ಕಡೆ ಗಾಳಿ ನುಗ್ಗದ ಒಣ ಕೊಟ್ಟಿಗೆ ಬೇಕು. ಮಾಂಸ ದಪ್ಪವಾದ್ದರಿಂದ ಸೆಕೆಯೂ ತಾಳದು. ಬಾಯಿ ತೆರೆದು ಏದುಸಿರು ಬಿಡತೊಡಗಿದರೆ ನೆರಳು, ಗಾಳಿ, ತಣ್ಣೀರು ಮೂರನ್ನೂ ಒಡನೆ ಒದಗಿಸಬೇಕು. ಉರಿಬಿಸಿಲಿನಲ್ಲಿ ಕಾಳು ಹಾಕದೆ ಬೆಳಗಿನ ಜಾವ, ಸಂಜೆ ತಂಪಿನಲ್ಲಿ ಹಾಕಬೇಕು.

ಮರಿಗಳು ಇಕ್ಕಟ್ಟಾದರೆ ಒಂದನ್ನೊಂದು ಕುಕ್ಕಿ ರಕ್ತ ಬರಿಸುತ್ತವೆ. ಕಾಳಗದ ಪೂರ್ವಜರಿಂದ ಬಂದ ಗುಣವಿದು. ವಿಶಾಲ ಜಾಗ, ಮಂದ ಬೆಳಕು, ಕೆದಕಲು ಸೊಪ್ಪು ಇದ್ದರೆ ಕುಕ್ಕಾಟ ಕಡಿಮೆಯಾಗುತ್ತದೆ. ದೊಡ್ಡ ಕೋಳಿಗಳು ಮನುಷ್ಯರೊಂದಿಗೆ ಸಾಮಾನ್ಯವಾಗಿ ಸಾಧು. ಒಟ್ಟಿಗೆ ಬೆಳೆಯದ ಎರಡು ಹುಂಜಗಳನ್ನು ಮಾತ್ರ ಒಂದೇ ಬೇಲಿಯೊಳಗೆ ಬಿಡಬಾರದು.

ಆಹಾರ

ಮರಿಗಳಿಗೆ ಮೊದಲ ಆರು ವಾರ ಶೇ. 22ರ ಸುಮಾರು ಪ್ರೋಟೀನ್ ಇರುವ ಆಹಾರ ಬೇಕು. ಆಮೇಲೆ ಶೇ. 18ರಿಂದ 20ಕ್ಕೆ ಇಳಿಸಬಹುದು. ಮೊಟ್ಟೆಯಿಡುವ ಹೇಂಟೆಗೆ ಶೇ. 16ರಷ್ಟು ಪ್ರೋಟೀನ್ ಜೊತೆಗೆ ಶೇ. 3ಕ್ಕೆ ಕಡಿಮೆಯಿಲ್ಲದ ಸುಣ್ಣದಂಶ ಬೇಕಾಗುತ್ತದೆ. ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಟ್ಟರೆ ಬೇಕಾದಷ್ಟು ತಾವೇ ತಿನ್ನುತ್ತವೆ. ಮೆಕ್ಕೆಜೋಳ ಶಕ್ತಿಗೆ, ಸೋಯಾ ಅಥವಾ ಶೇಂಗಾ ಹಿಂಡಿ ಮತ್ತು ಮೀನಿನ ಪುಡಿ ಪ್ರೋಟೀನಿಗೆ, ತೌಡು ಪರಿಮಾಣಕ್ಕೆ ಎಂಬ ಲೆಕ್ಕ ಎಲ್ಲೆಡೆ ನಡೆಯುತ್ತದೆ. ಹಿಂಡಿಗೆ ಬೂಷ್ಟು ಹಿಡಿದಿರಬಾರದು; ಬೂಷ್ಟಿನ ವಿಷ ಯಕೃತ್ತನ್ನು ಕೆಡಿಸುತ್ತದೆ.

ಸಂತತಿಗೆಂದು ಇಟ್ಟುಕೊಂಡ ಕೋಳಿಗೆ ಬೇಕೆಂದಷ್ಟು ಮೇವು ಹಾಕುವುದು ಸಲ್ಲದು. ಕೊಬ್ಬಿದ ಹೇಂಟೆ ಮೊಟ್ಟೆ ಕಡಿಮೆ ಇಡುತ್ತದೆ. ಕೊಬ್ಬಿದ ಹುಂಜದ ಫಲವಂತಿಕೆ ಕುಸಿಯುತ್ತದೆ. ವಾರಕ್ಕೊಮ್ಮೆ ರಾತ್ರಿ ಗಳದ ಮೇಲೆ ಕೂತಿರುವಾಗ ಎದೆಮೂಳೆಯನ್ನು ಬೆರಳಲ್ಲಿ ಮುಟ್ಟಿ ನೋಡಬೇಕು. ಮೂಳೆಯ ಏಣು ಕೈಗೆ ಹತ್ತಬೇಕು, ಆದರೆ ಎರಡೂ ಪಕ್ಕದಲ್ಲಿ ಮಾಂಸ ತುಂಬಿರಬೇಕು. ಏಣೇ ಸಿಗದಷ್ಟು ಕೊಬ್ಬಿದ್ದರೆ ಮೇವು ಇಳಿಸುವುದು, ಏಣು ಚೂಪಾಗಿ ಕೈಗೆ ಚುಚ್ಚಿದರೆ ಏರಿಸುವುದು. ಹಸಿರು ಸೊಪ್ಪು, ಹುಳಹುಪ್ಪಟೆ ಸಿಗುವ ಹುಲ್ಲುಗಾವಲಿಗೆ ಬಿಟ್ಟರೆ ಹಳದಿ ಚರ್ಮದ ಬಣ್ಣವೂ ಗಾಢವಾಗುತ್ತದೆ.

ಕೂಡಿಕೆ ಮತ್ತು ಫಲವಂತಿಕೆ

ಕಾರ್ನಿಶ್ ಸಾಕುವವರ ಎದುರಿಗಿರುವ ದೊಡ್ಡ ತೊಡಕು ಫಲ ನಿಲ್ಲದ ಮೊಟ್ಟೆ. ಅದಕ್ಕೆ ಕಾರಣ ತಳಿಯ ಮೈಕಟ್ಟೇ. ಹುಂಜ ಹೇಂಟೆಯ ಬೆನ್ನೇರಿದಾಗ ಅಗಲ ಎದೆ ಅದನ್ನು ಮುಂದಕ್ಕೆ ತಳ್ಳುತ್ತದೆ. ಗಿಡ್ಡ, ಅಗಲಿಸಿ ನಿಂತ ಕಾಲುಗಳಿಗೆ ಬೆನ್ನಿನ ಮೇಲೆ ಹಿಡಿತ ಸಿಗುವುದಿಲ್ಲ. ಬಾಲವನ್ನು ಹೇಂಟೆಯ ಬಾಲದಡಿಗೆ ತಗ್ಗಿಸುವಷ್ಟರಲ್ಲಿ ಅದು ಪಕ್ಕಕ್ಕೆ ಜಾರಿರುತ್ತದೆ. ಹುಂಜ ಹತ್ತಾರು ಸಲ ಏರಿದ್ದನ್ನು ಕಣ್ಣಾರೆ ಕಂಡಿದ್ದರೂ ಮೊಟ್ಟೆ ಬರಿದಾಗಿರಬಹುದು. ಪ್ರದರ್ಶನಕ್ಕೆಂದು ಇನ್ನೂ ಗಿಡ್ಡ, ಇನ್ನೂ ಅಗಲ ಎಂದು ಆರಿಸುತ್ತಾ ಹೋದ ಸಾಲುಗಳಲ್ಲಿ ಈ ದೋಷ ಹೆಚ್ಚು.

ಫಲ ನಿಂತಿದೆಯೇ ಎಂದು ಮೊಟ್ಟೆ ಕಾವಿಗಿಡುವ ಮುಂಚೆಯೇ ತಿಳಿಯಬಹುದು. ಅಡುಗೆಗೆ ಒಡೆದ ಮೊಟ್ಟೆಯ ಹಳದಿಯ ಮೇಲೆ ಒಂದು ಬಿಳಿ ಚುಕ್ಕೆ ಇರುತ್ತದೆ. ಅದು ಸಣ್ಣದಾಗಿ, ಅಂಚು ಒಡೆದ ಹಾಗೆ, ಗಟ್ಟಿ ಬಿಳಿಯಾಗಿದ್ದರೆ ಮೊಟ್ಟೆ ಬರಿದು. ಚುಕ್ಕೆ ನಾಲ್ಕು ಮಿಲಿಮೀಟರಿನಷ್ಟು ಅಗಲವಾಗಿ, ನಡುವೆ ತಿಳಿಯಾಗಿ, ಸುತ್ತ ಉಂಗುರ ಕಟ್ಟಿದ್ದರೆ ಫಲ ನಿಂತಿದೆ. ಕೂಡಿಬಿಟ್ಟ ಹತ್ತು ದಿನದ ಬಳಿಕ ಪ್ರತಿ ಹೇಂಟೆಯ ಒಂದೆರಡು ಮೊಟ್ಟೆಯನ್ನು ಹೀಗೆ ನೋಡಿದರೆ ಋತು ವ್ಯರ್ಥವಾಗದು.

ಪರಿಹಾರಗಳು ಹಲವು. ಒಂದು ಹುಂಜಕ್ಕೆ ನಾಲ್ಕೈದು ಹೇಂಟೆ ಸಾಕು. ಗುದದ್ವಾರದ ಸುತ್ತಲ ಗರಿಯನ್ನು ಹುಂಜ, ಹೇಂಟೆ ಎರಡಕ್ಕೂ ಕತ್ತರಿಸಬೇಕು. ಹುಂಜದ ಕಾಲಿನ ಮುಳ್ಳನ್ನು ಮೊಂಡು ಮಾಡಿ, ಉಗುರು ಕತ್ತರಿಸಿದರೆ ಹೇಂಟೆಯ ಬೆನ್ನು ಹರಿಯುವುದಿಲ್ಲ. ಹಗುರವಾದ ಒಂದು ವರ್ಷದ ಹುಂಜ ಹಳೆಯ ಭಾರೀ ಹುಂಜಕ್ಕಿಂತ ಮೇಲು. ಇದಾವುದರಿಂದಲೂ ಆಗದಿದ್ದರೆ ಕೃತಕ ಗರ್ಭಧಾರಣೆ ಇದೆ. ಹುಂಜದ ಬೆನ್ನು ಮತ್ತು ಹೊಟ್ಟೆಯನ್ನು ನೀವಿ ವೀರ್ಯ ಪಡೆಯುವ ವಿಧಾನವನ್ನು 1930ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯ ಬರೋಸ್ ಮತ್ತು ಕ್ವಿನ್ ರೂಪಿಸಿದರು. ಕಲಿತ ಕೈಗೆ ಇದು ಕಷ್ಟವಲ್ಲ. ಐದರಿಂದ ಏಳು ದಿನಕ್ಕೊಮ್ಮೆ ಮಾಡಿದರೆ ಸಾಕು. ಆದರೆ ತಾನಾಗಿ ಕೂಡಲಾರದ ಹುಂಜದಿಂದಲೇ ಪೀಳಿಗೆ ಪೀಳಿಗೆ ಮರಿ ತೆಗೆದರೆ ಆ ದೌರ್ಬಲ್ಯವೇ ಹಿಂಡಿನಲ್ಲಿ ಬೇರೂರುತ್ತದೆ. ಅಪರೂಪದ ಸಾಲೊಂದನ್ನು ಅಳಿವಿನಿಂದ ಉಳಿಸಲು ಮಾತ್ರ ಈ ದಾರಿ ಹಿಡಿಯಬೇಕು.

ಹೇಂಟೆಯ ದೇಹದಲ್ಲಿ ವೀರ್ಯ ಎರಡು ಮೂರು ವಾರ ಜೀವಂತವಾಗಿರುತ್ತದೆ. ಹುಂಜ ಬದಲಿಸಿದರೆ ಮೂರು ವಾರ ಕಳೆದ ಮೇಲಿನ ಮೊಟ್ಟೆಯನ್ನಷ್ಟೇ ಹೊಸ ಹುಂಜದ್ದೆಂದು ಲೆಕ್ಕ ಹಿಡಿಯಬೇಕು.

ಗಿಡ್ಡಗಾಲಿನ ವಂಶವಾಹಿ

ಕೆಲವು ಕಾರ್ನಿಶ್ ಸಾಲುಗಳಲ್ಲಿ ಕಾಲನ್ನು ಗಿಡ್ಡ ಮಾಡುವ ಮಾರಕ ವಂಶವಾಹಿಯೊಂದಿದೆ. ತಾಯಿ ಅಥವಾ ತಂದೆಯಿಂದ ಒಂದು ಪ್ರತಿ ಬಂದರೆ ಕೋಳಿ ಗಿಡ್ಡಗಾಲಿನದಾಗಿ, ಪ್ರದರ್ಶನದಲ್ಲಿ ಮೆಚ್ಚುಗೆ ಪಡೆಯುವಂಥ ಆಕಾರ ತಾಳುತ್ತದೆ. ಎರಡೂ ಕಡೆಯಿಂದ ಬಂದರೆ ಮರಿ ಮೊಟ್ಟೆಯೊಳಗೇ ಸಾಯುತ್ತದೆ. ಹೀಗಾಗಿ ಅಂಥ ಗಿಡ್ಡಗಾಲಿನ ಹುಂಜವನ್ನು ಗಿಡ್ಡಗಾಲಿನ ಹೇಂಟೆಗೆ ಕೂಡಿಸಿದರೆ ಫಲ ನಿಂತ ಮೊಟ್ಟೆಗಳಲ್ಲಿ ಸರಾಸರಿ ಕಾಲುಭಾಗ ಒಡೆಯುವುದೇ ಇಲ್ಲ. ಅರ್ಧಭಾಗ ಗಿಡ್ಡಗಾಲು, ಉಳಿದ ಕಾಲುಭಾಗ ಉದ್ದಗಾಲು. ಅದೇ ಗಿಡ್ಡಗಾಲಿನದನ್ನು ಉದ್ದಗಾಲಿನದಕ್ಕೆ ಕೂಡಿಸಿದರೆ ಮರಿಗಳು ಅರ್ಧಕ್ಕರ್ಧ ಬರುತ್ತವೆ, ಈ ಕಾರಣದಿಂದ ಒಂದೂ ಸಾಯುವುದಿಲ್ಲ. ಪ್ರದರ್ಶನಕ್ಕೆ ಬಾರದೆಂದು ಉದ್ದಗಾಲಿನ ಹುಂಜವನ್ನು ಕೊಯ್ದು ತಿನ್ನುವ ಹಳೆಯ ಅಭ್ಯಾಸ ಹಿಂಡಿಗೇ ನಷ್ಟ. ಸಂತತಿಗೆ ಬೇಕಾದ ಹುಂಜ ಬಹುಪಾಲು ಅದೇ.

ಕಾವು ಮತ್ತು ಮರಿ ಪಾಲನೆ

ಕಾವಿಗಿಡುವ ಮೊಟ್ಟೆಯನ್ನು ಏಳು ದಿನಕ್ಕಿಂತ ಹೆಚ್ಚು ಕೂಡಿಡಬಾರದು. 13ರಿಂದ 18 ಡಿಗ್ರಿ ಸೆಲ್ಸಿಯಸ್ ತಂಪು, ಚೂಪು ತುದಿ ಕೆಳಗೆ. ಕಾವುಪೆಟ್ಟಿಗೆಯಲ್ಲಿ 37.5 ಡಿಗ್ರಿ ಶಾಖ, ಮೊದಲ 18 ದಿನ ಶೇ. 50-55 ತೇವ, ಕೊನೆಯ ಮೂರು ದಿನ ಶೇ. 65-70. ಮೊಟ್ಟೆಯನ್ನು ದಿನಕ್ಕೆ ಮೂರು ಸಲಕ್ಕೆ ಕಡಿಮೆಯಿಲ್ಲದಂತೆ ಮಗುಚುತ್ತಾ 18ನೆಯ ದಿನಕ್ಕೆ ನಿಲ್ಲಿಸಬೇಕು. ಏಳನೆಯ ದಿನ ಕತ್ತಲೆಯಲ್ಲಿ ದೀಪಕ್ಕೆ ಹಿಡಿದರೆ ಜೀವ ಹಿಡಿದ ಮೊಟ್ಟೆಯಲ್ಲಿ ರಕ್ತನಾಳಗಳ ಜಾಲ ಕಾಣುತ್ತದೆ. 21ನೆಯ ದಿನಕ್ಕೆ ಮರಿ ಹೊರಬರುತ್ತದೆ. ಬರಿದಾದ ಮೊಟ್ಟೆ, ಮೊದಲ ವಾರ ಸತ್ತ ಮರಿ, ಕೊನೆಯಲ್ಲಿ ಸತ್ತ ಮರಿ ಎಂದು ಮೂರು ಲೆಕ್ಕ ಬರೆದಿಟ್ಟರೆ ದೋಷ ಹುಂಜದ್ದೋ, ವಂಶದ್ದೋ, ಪೆಟ್ಟಿಗೆಯದ್ದೋ ಎಂದು ವಿಂಗಡಿಸಲು ಸಾಧ್ಯ.

ಮೊದಲ ವಾರ ಮರಿಗೆ 35 ಡಿಗ್ರಿ ಶಾಖ. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುವುದು. ಕಾರ್ನಿಶ್ ಮರಿಗೆ ಗರಿ ವಿರಳವಾದ್ದರಿಂದ ಬೇರೆ ತಳಿಗಿಂತ ಒಂದೆರಡು ವಾರ ಹೆಚ್ಚು ದೀಪ ಬೇಕಾಗಬಹುದು. ಮರಿಗಳು ದೀಪದಡಿ ಗುಂಪುಗೂಡಿ ಕೂಗಿದರೆ ಚಳಿ, ಗೋಡೆಗೆ ಅಂಟಿ ಬಾಯಿ ತೆರೆದರೆ ಸೆಕೆ, ಹರಡಿ ಮಲಗಿದರೆ ಹಿತ. ನುಣುಪು ಕಾಗದದ ಮೇಲೆ ಬಿಟ್ಟರೆ ಭಾರದ ಮರಿಯ ಕಾಲು ಅಗಲಿ ಶಾಶ್ವತವಾಗಿ ಊನವಾಗುತ್ತದೆ. ಮೊದಲ ದಿನದಿಂದಲೇ ಹಿಡಿತ ಸಿಗುವ ಹಾಸು ಅಗತ್ಯ.

ಆಯ್ಕೆಯ ಕ್ರಮ

ಸಣ್ಣ ಹಿಂಡಿನಲ್ಲಿ ಹತ್ತಿರದ ಸಂಬಂಧದಲ್ಲೇ ಕೂಡುವುದರಿಂದ ಫಲವಂತಿಕೆ ಇನ್ನಷ್ಟು ಕುಗ್ಗುತ್ತದೆ. ಅದಕ್ಕೆ ಮೂರು ಬಳಗದ ಪದ್ಧತಿ ಸರಳ ಉಪಾಯ. ಹಿಂಡನ್ನು ಮೂರು ಬಳಗವಾಗಿ ವಿಂಗಡಿಸಿ ಕಾಲಿಗೆ ಮೂರು ಬಣ್ಣದ ಬಳೆ ಹಾಕಬೇಕು. ಹೆಣ್ಣುಮರಿಗಳು ತಾಯಿಯ ಬಳಗದಲ್ಲೇ ಉಳಿಯುತ್ತವೆ. ಒಂದನೆಯ ಬಳಗದ ಗಂಡು ಎರಡನೆಯದಕ್ಕೆ, ಎರಡನೆಯದರ ಗಂಡು ಮೂರನೆಯದಕ್ಕೆ, ಮೂರನೆಯದರ ಗಂಡು ಒಂದನೆಯದಕ್ಕೆ ಪ್ರತಿ ವರ್ಷ ಹೋಗುತ್ತದೆ. ಅಣ್ಣತಂಗಿ ಕೂಡುವುದು ತಪ್ಪುತ್ತದೆ. ಹೊರಗಿನಿಂದ ರಕ್ತ ತರದೆ ಹಲವು ವರ್ಷ ನಡೆಸಬಹುದು.

ಉಳಿಸುವ ಕೋಳಿಯನ್ನು ಆರಿಸುವಾಗ ಮೊದಲು ನಡಿಗೆ ನೋಡಬೇಕು: ಕಾಲು ನೆಟ್ಟಗಿದೆಯೇ, ಬೆರಳು ಸೊಟ್ಟಗಿಲ್ಲವೇ, ಓಡಿಸಿದರೆ ಓಡುತ್ತದೆಯೇ. ಎರಡನೆಯದು ಸಹಜ ಕೂಡಿಕೆಯಿಂದ ನಿಂತ ಫಲ. ಮೂರನೆಯದು ಹೇಂಟೆಯ ಮೊಟ್ಟೆ. ಎದೆಯ ಅಗಲ ನಾಲ್ಕನೆಯದು, ಬಣ್ಣ ಕೊನೆಯದು. ಎದೆ ಈ ತಳಿಗೆ ಹುಟ್ಟಿನಿಂದಲೇ ಬಂದಿದೆ. ಅದನ್ನು ಹೊರುವ ಕಾಲನ್ನು ಸಾಕುವವನು ಕಾಪಾಡಬೇಕು.

ಮನೆಬಳಕೆಯ ಮಾಂಸಕ್ಕೆ ಶುದ್ಧ ಮರಿಗಳನ್ನೇ ಬೆಳೆಸಬೇಕೆಂದಿಲ್ಲ. ವಿಕ್ಟೋರಿಯ ಕಾಲದ ರೈತರು ಮಾಡಿದಂತೆ ಕಾರ್ನಿಶ್ ಹುಂಜವನ್ನು ಸಸೆಕ್ಸ್, ಪ್ಲಿಮತ್ ರಾಕ್, ರೋಡ್ ಐಲ್ಯಾಂಡ್ ರೆಡ್‌ನಂಥ ಚೆನ್ನಾಗಿ ಮೊಟ್ಟೆಯಿಡುವ ಹೇಂಟೆಗಳಿಗೆ ಕೂಡಿಸಿದರೆ ಮರಿಯ ಸಂಖ್ಯೆ ತಾಯಿಯಿಂದ, ಮಾಂಸ ತಂದೆಯಿಂದ ಬರುತ್ತದೆ. ಮೊದಲ ಪೀಳಿಗೆಯ ಮರಿಗಳು ಗಟ್ಟಿಮುಟ್ಟು, ಸಮಾನ ಗಾತ್ರ. ಅವನ್ನೇ ತಮ್ಮೊಳಗೆ ಕೂಡಿಸಿದರೆ ಮುಂದಿನ ಪೀಳಿಗೆಯಲ್ಲಿ ಗಾತ್ರ, ಬಣ್ಣ ಚೆದುರಿಹೋಗುತ್ತವೆ. ಆದ್ದರಿಂದ ಶುದ್ಧ ಕಾರ್ನಿಶ್‌ನ ಪುಟ್ಟ ಹಿಂಡೊಂದನ್ನು ಸಂತತಿಗೆ, ಸಂಕರ ಮರಿಗಳನ್ನು ಊಟಕ್ಕೆ ಇಟ್ಟುಕೊಳ್ಳುವುದು ಲಾಭದ ದಾರಿ.

ಭಾರತ ಮತ್ತು ಕರ್ನಾಟಕದಲ್ಲಿ

ಅಸೀಲ್ ರೂಪದಲ್ಲಿ ಭಾರತದಿಂದ ಹೋದ ರಕ್ತ ಕಾರ್ನಿಶ್ ರೂಪದಲ್ಲಿ ತಿರುಗಿ ಬಂದಿದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ, ಅದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಭಾಗವಾಗಿದ್ದಾಗ, ಹಿತ್ತಲ ಸಾಕಣೆಗೆಂದು ಬೆಳೆಸಿದ ಗಿರಿರಾಜ ತಳಿಯಲ್ಲಿ ಬಿಳಿ ಪ್ಲಿಮತ್ ರಾಕ್, ನ್ಯೂ ಹ್ಯಾಂಪ್‌ಶೈರ್‌ಗಳೊಂದಿಗೆ ಕೆಂಪು ಕಾರ್ನಿಶ್ ರಕ್ತವಿದೆ. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ ತಳಿಯ ಗಂಡು ಸಾಲಿನ ಮೂಲವೂ ಕೆಂಪು ಕಾರ್ನಿಶ್. ಹಳ್ಳಿಯ ಹಿತ್ತಲಲ್ಲಿ ಗಿರಿರಾಜ ಸಾಕಿದವರು ಕಾರ್ನಿಶ್‌ನ ಗುಣವನ್ನು ಹೆಸರು ತಿಳಿಯದೆಯೇ ಕಂಡಿದ್ದಾರೆ.

ನಮ್ಮ ಬಿಸಿಲಿಗೆ, ಅದರಲ್ಲೂ ಕಲಬುರಗಿ, ರಾಯಚೂರಿನಂಥ ಜಿಲ್ಲೆಗಳ ಬೇಸಗೆಗೆ, ಶುದ್ಧ ಕಾರ್ನಿಶ್ ಹೊಂದುವುದು ಕಷ್ಟ. ಬಿಸಿಲು ತಾಳುವ ಈ ಸಂಕರಗಳೇ ಇಲ್ಲಿ ಹೆಚ್ಚು ಉಪಯುಕ್ತ. ಅಲ್ಲದೆ ಮೂಲಪುರುಷನಾದ ಅಸೀಲ್ ಆಂಧ್ರಪ್ರದೇಶ, ಒಡಿಶಾ, ಛತ್ತೀಸಗಢಗಳ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಅದರ ಮಾಂಸದ ಗುಣವನ್ನು ಬೆಳೆಸುವ ಕೆಲಸ ನಮ್ಮದೇ ನೆಲದಲ್ಲಿ ಆಗಬೇಕಾಗಿದೆ.

ರೋಗಗಳು

ಕಾರ್ನಿಶ್‌ಗೆ ಬರುವ ಸೋಂಕುಗಳು ಬೇರೆ ಕೋಳಿಗಳಿಗೆ ಬರುವವೇ. ನಮ್ಮ ರೈತರು ಕೊಕ್ಕರೆ ರೋಗವೆನ್ನುವ ರಾಣಿಖೇತ್, ಗುಂಬೋರೊ, ಮ್ಯಾರೆಕ್ಸ್, ಕೋಳಿ ಸಿಡುಬು ಇವಕ್ಕೆ ಲಸಿಕೆಗಳಿವೆ. ಊರಿನ ಪಶುವೈದ್ಯರು ಹೇಳಿದ ವೇಳಾಪಟ್ಟಿಯಂತೆ ಹಾಕಿಸಬೇಕು. ಹಸಿ ಹಾಸಿನಲ್ಲಿ ಎಳೆಮರಿಗಳಿಗೆ ರಕ್ತಭೇದಿ ಹತ್ತುತ್ತದೆ. ಹಾಸನ್ನು ಒಣಗಿಸಿಡುವುದು ಮೊದಲ ಮದ್ದು. ಹೇನು, ಉಣ್ಣೆಗಳಿಗೆ ಬೂದಿ ಬೆರೆಸಿದ ಒಣಮಣ್ಣಿನ ಗುಂಡಿ ಮಾಡಿಕೊಟ್ಟರೆ ಕೋಳಿಗಳು ಹೊರಳಾಡಿ ಮೈ ತಿಕ್ಕಿಕೊಳ್ಳುತ್ತವೆ. ತಳಿಯ ಮೈಭಾರದಿಂದಲೇ ಬರುವ ಅಂಗಾಲಿನ ಬಾವನ್ನು ಮಾತ್ರ ತಿಂಗಳಿಗೊಮ್ಮೆ ಕಾಲೆತ್ತಿ ನೋಡಿ ಶುರುವಿನಲ್ಲೇ ತೊಳೆದು ಕಟ್ಟಬೇಕು.

ಮೌಲ್ಯ

ಕೆಲವೇ ಕಂಪನಿಗಳ ಕೈಯಲ್ಲಿರುವ ಬ್ರಾಯ್ಲರ್ ಸಾಲುಗಳ ಮೇಲೆ ಜಗತ್ತಿನ ಕೋಳಿಮಾಂಸ ನಿಂತಿರುವಾಗ, ಅವುಗಳ ಮೂಲತಳಿಯೊಂದು ಜೀವಂತವಾಗಿ, ತನ್ನ ಕಾಲ ಮೇಲೆ ನಡೆಯುತ್ತಾ, ತಾನೇ ಕೂಡಿ ಮರಿ ಮಾಡುತ್ತಾ ಸಣ್ಣ ಹಿತ್ತಲುಗಳಲ್ಲಿ ಉಳಿಯುವುದು ಅಗತ್ಯ. ಮೊದಲ ಬಾರಿಗೆ ಸಾಕುವವರು ಪ್ರದರ್ಶನದಲ್ಲಿ ಬಹುಮಾನ ಪಡೆದ ಗಿಡ್ಡ ಜೋಡಿಗೆ ಮರುಳಾಗದೆ, ಮೊಟ್ಟೆ ಒಡೆದ ಲೆಕ್ಕ ಬರೆದಿಟ್ಟಿರುವ ಸಾಕಣೆದಾರರಿಂದ ಚುರುಕು ನಡೆಯ ಕೋಳಿಗಳನ್ನು ಕೊಳ್ಳಲಿ. ಒಂದು ಹುಂಜ, ನಾಲ್ಕು ಹೇಂಟೆ ಸಾಕು. ಮರಿಗಳಲ್ಲಿ ಪ್ರತಿ ವರ್ಷ ನೆಟ್ಟಗೆ ನಡೆಯುವವನ್ನಷ್ಟೇ ಉಳಿಸಿಕೊಂಡರೆ ಹಿಂಡು ತಾನಾಗಿ ಸುಧಾರಿಸುತ್ತದೆ.